ಗಾಲ್ಫ್ ಕೋಲು ಹಿಡಿಯುವ ಬಗೆ

2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದ ಅಂತರದಲ್ಲಿ ಕಂಚಿನ ಪದಕ ತಪ್ಪಿಸಿಕೊಂಡರು. ಗಾಲ್ಫ್ ಎಂದರೆ ಸಿರಿವಂತರ ಕಾಲಕ್ಷೇಪ ಎಂದುಕೊಂಡಿದ್ದವರೂ ಅಂದು ಬೆಳಿಗ್ಗೆ ಟಿ.ವಿ. ಮುಂದೆ ಕುಳಿತಿದ್ದರು. ಮಕ್ಕಳಿಗೆ ಈ ಆಟ ಕಲಿಸುವ ಆಸೆ ಹುಟ್ಟಿದ್ದರೆ ಅಚ್ಚರಿಯಿಲ್ಲ.

ಆದರೆ ಮೊದಲ ದಿನ ಮೈದಾನಕ್ಕೆ ಹೋದ ತಂದೆ ತಾಯಿಗೆ ನಿರಾಸೆಯೇ ಹೆಚ್ಚು. ಚೆಂಡು ಹೊಡೆಸುವುದನ್ನು ಬಿಟ್ಟು ತರಬೇತುದಾರರು ಮಗುವಿನ ಬೆರಳುಗಳನ್ನೇ ತಿದ್ದುತ್ತಾ ನಿಂತಿರುತ್ತಾರೆ. 'ಕೋಲು ಹಿಡಿಯುವುದನ್ನು ಕಲಿಯಲು ಇಷ್ಟು ಫೀಸೇ?' ಎನ್ನಿಸುವುದು ಸಹಜ. ಆದರೆ ಕೋಲಿಗೂ ಶರೀರಕ್ಕೂ ಇರುವ ಸಂಬಂಧ ಈ ಎರಡು ಕೈಗಳು ಮಾತ್ರ. ಕೋಲಿನ ಮುಖ ಚೂರು ತಿರುಗಿದರೂ ಚೆಂಡು ಗುರಿಯ ಬದಲು ಮರಗಳ ಮಧ್ಯೆ ಸೇರುತ್ತದೆ.

ಚಿನ್ನಿದಾಂಡು, ಕ್ರಿಕೆಟ್ ಆಡಿದ ನಮ್ಮ ಮಕ್ಕಳು ಕೋಲನ್ನು ಅಂಗೈ ತುಂಬ ಬಾಚಿ ಹಿಡಿಯುತ್ತಾರೆ. ಇಲ್ಲಿ ಅದು ನಡೆಯದು. ಬಲಗೈ ಆಟಗಾರನಾದರೆ ಎಡಗೈ ಮೇಲೆ. ಕೋಲು ತೋರುಬೆರಳಿನ ನಡುಗೆಣ್ಣಿನಿಂದ ಓರೆಯಾಗಿ ಸಾಗಿ ಕಿರುಬೆರಳಿನ ಬುಡಕ್ಕೆ ಬರಬೇಕು, ಅಂಗೈಯ ದಪ್ಪ ಭಾಗ ಅದರ ಮೇಲೆ ಕೂರಬೇಕು. ಬಗ್ಗಿ ನೋಡಿದರೆ ಎರಡು, ಹೆಚ್ಚೆಂದರೆ ಮೂರು ಗೆಣ್ಣು ಕಾಣಬೇಕು. ಗೆಣ್ಣು ಕಾಣದಷ್ಟು ಎಡಕ್ಕೆ ಹೊರಳಿದ್ದರೆ ಚೆಂಡು ಬಲಕ್ಕೆ ಬಾಗುವ ಸಂಭವ ಹೆಚ್ಚು. ಬಲಗೈಯನ್ನು ಬೆರಳುಗಳಲ್ಲೇ ಹಿಡಿದು ಅದರ ಅಂಗೈಯಿಂದ ಎಡ ಹೆಬ್ಬೆರಳನ್ನು ಮುಚ್ಚಬೇಕು.

ಇನ್ನು ಬಲ ಕಿರುಬೆರಳು. ಅದನ್ನು ಎಡಗೈಯ ತೋರುಬೆರಳು, ನಡುಬೆರಳುಗಳ ಸಂದಿನ ಮೇಲೆ ಇಟ್ಟರೆ ವಾರ್ಡನ್ ಹಿಡಿತ. 1896ರಿಂದ 1914ರೊಳಗೆ 6 ಸಲ ಬ್ರಿಟಿಷ್ ಓಪನ್ ಗೆದ್ದ ಹ್ಯಾರಿ ವಾರ್ಡನ್‌ರ ಹೆಸರು ಅದಕ್ಕೆ ಅಂಟಿಕೊಂಡಿದೆ. ಅವರಿಗೂ ಮೊದಲೇ ಜಾನಿ ಲೇಡ್ಲೇ ಹಾಗೆ ಹಿಡಿಯುತ್ತಿದ್ದರು, ಪಾಪ! ಕಿರುಬೆರಳನ್ನು ತೋರುಬೆರಳಿಗೆ ಹೆಣೆದರೆ ಇನ್ನೊಂದು ಬಗೆ. ಜಾಕ್ ನಿಕ್ಲಾಸ್, ಟೈಗರ್ ವುಡ್ಸ್ ಹಿಡಿದದ್ದು ಹೀಗೆ. ಪುಟ್ಟ ಕೈಗಳಿಗೆ ಹತ್ತೂ ಬೆರಳು ಕೋಲಿನ ಮೇಲಿರುವ ಮೂರನೆಯ ಬಗೆಯೇ ಸುಲಭ.

ಹಿಡಿತದ ಬಿಗಿ ಎಷ್ಟಿರಬೇಕು? ಹಕ್ಕಿಮರಿ ಹಾರಿಹೋಗದಷ್ಟು, ಅದಕ್ಕೆ ನೋವಾಗದಷ್ಟು ಎಂಬುದು ಸ್ಯಾಮ್ ಸ್ನೀಡ್ ಹೆಸರಿನಲ್ಲಿ ಪ್ರಚಲಿತವಾದ ಮಾತು. ಉಗುರು ಬೆಳ್ಳಗಾಗುವಷ್ಟು ಅದುಮಿದರೆ ಮಣಿಕಟ್ಟು ಮರಗಟ್ಟುತ್ತದೆ.

'ಹೀಗೇ ಹಿಡಿಯಬೇಕೆಂದು ಯಾರು ಹೇಳಿದ್ದು?' ಎಂದು ಮಗು ಕೇಳಿದರೆ ಗದರಬೇಡಿ, ಪಾಪ್ವಾ ಸ್ಯೂಗೋಲಮ್ ಕಥೆ ಹೇಳಿ. ದಕ್ಷಿಣ ಆಫ್ರಿಕಾದ ಡರ್ಬನ್‌ನ ಭಾರತೀಯ ಮೂಲದ ಈ ಕ್ಯಾಡಿಗೆ ಆಟ ಹೇಳಿಕೊಟ್ಟವರಿಲ್ಲ. ಬಲಗೈ ಮೇಲೆ, ಎಡಗೈ ಕೆಳಗೆ, ಅಂದರೆ ಎಲ್ಲವೂ ತಿರುಗುಮುರುಗು. ಆ ಹಿಡಿತದಲ್ಲೇ 1959, 1960 ಮತ್ತು 1964ರಲ್ಲಿ ಡಚ್ ಓಪನ್ ಗೆದ್ದರು. 1963ರಲ್ಲಿ ನಟಾಲ್ ಓಪನ್ ಗೆದ್ದಾಗ ವರ್ಣಭೇದದ ಕಾರಣ ಕ್ಲಬ್ಬಿನ ಕಟ್ಟಡದೊಳಗೆ ಬಿಡದೆ, ಹೊರಗೆ ಮಳೆಯಲ್ಲೇ ಅವರ ಕೈಗೆ ಟ್ರೋಫಿ ಕೊಟ್ಟರು.

ಹಾಗಾದರೆ ಹೇಗೆ ಹಿಡಿದರೂ ಸರಿಯೇ? ಅಲ್ಲ. ಪಾಪ್ವಾ ಬಾಲ್ಯದಿಂದಲೂ ಒಂದೇ ಬಗೆಯಲ್ಲಿ ಹಿಡಿದರು. ನಮ್ಮ ಮಕ್ಕಳು ವಾರಕ್ಕೊಂದು ಬಗೆ ಹಿಡಿಯುತ್ತಾರೆ. ಹೊಸ ಹಿಡಿತ ಕೆಲವು ವಾರ ಪರರ ಕೈಯಂತೆ ಅನ್ನಿಸುತ್ತದೆ, ಚೆಂಡು ಮೊದಲಿಗಿಂತ ಹತ್ತಿರವೇ ಬೀಳುತ್ತದೆ. ಆಗ ಪಕ್ಕದ ಹುಡುಗನ ಹೊಡೆತದೊಂದಿಗೆ ಹೋಲಿಸಿ 'ಜೋರಾಗಿ ಹೊಡಿ' ಎಂದು ಅಪ್ಪ ಕೂಗಿದರೆ, ಮಗು ಹಳೆಯ ಮುಷ್ಟಿಗೇ ಮರಳುತ್ತದೆ.

ದೊಡ್ಡವರ ಕೋಲನ್ನು ಕತ್ತರಿಸಿ ಕೊಡುವ ಉಳಿತಾಯವೂ ಬೇಡ. ಉದ್ದ ಕಡಿಮೆಯಾದರೂ ತೂಕ, ಪೆಡಸು ಉಳಿಯುತ್ತವೆ. ಹಿಡಿಯೂ ಚಿಕ್ಕ ಬೆರಳಿಗೆ ದಪ್ಪವೇ. ಅಳತೆಗೆ ತಕ್ಕ ಕೋಲು ಸಿಗುವವರೆಗೆ ನೇರ ಹಿಡಿಯ ಹಳೆಯ ಛತ್ರಿ ಸಾಕು. ದಿನಕ್ಕೆ ಐದು ನಿಮಿಷ ಹಿಡಿದು ಬಿಟ್ಟು, ಮತ್ತೆ ಹಿಡಿಯಲಿ. ಮನೆಯೊಳಗೆ ಬೀಸುವುದು ಮಾತ್ರ ಬೇಡ.