ಸುರುವಾಣ ಗಿಟಾರು: ಕ್ರಯ ಕೇಳುವ ಮದಲು ಕೈ ನೋಡಿ

ಪರೀಕ್ಷೆ ಮುಗುದು ರಜೆ ಸುರು ಆತು ಹೇಳಿರೆ ಈಗ ಮನೆಮನೆಲಿ ಒಂದು ಬೇಡಿಕೆ ಬತ್ತು. "ಅಮ್ಮಾ, ಎನಗೊಂದು ಗಿಟಾರು ಬೇಕು." ನಮ್ಮ ಕಾಲಲ್ಲಿ ಮಕ್ಕೊ ಸೈಕಲು ಕೇಳಿಯೊಂಡಿತ್ತಿದ್ದವು, ಮತ್ತಾಣೋರು ಮೊಬೈಲು ಕೇಳಿದವು, ಈಗಾಣದ್ದು ಗಿಟಾರು. ಕೇಳಿದ ಕೂಡ್ಲೆ ದೊಡ್ಡೋರ ಬಾಯಿಂದ ಬಪ್ಪ ಮಾತೂ ಒಂದೇ: "ಸುರುವಿಂಗೆ ಒಂದು ಕಮ್ಮಿದು ತೆಕ್ಕೊ. ಕಲ್ತರೆ ಮತ್ತೆ ಒಳ್ಳೆದು ತಪ್ಪಲಕ್ಕು."

ಕೇಳುಲೆ ಇದು ಬುದ್ಧಿವಂತಿಕೆಯ ಮಾತಿನ ಹಾಂಗೆ ಕಾಣ್ತು. ಆನು ಒಪ್ಪುತ್ತಿಲ್ಲೆ. ಎಂತಕೆ ಹೇಳಿ ಹೇಳ್ತೆ, ಕೇಳಿ.

ಬೆಂದಿಗೆ ಕೊರವಲೆ ಕಲಿವ ಕೂಸಿಂಗೆ ಮೊಂಡು ಮೆಟ್ಟುಕತ್ತಿ ಕೊಟ್ಟು "ಸುರುವಿಂಗೆ ಇದರಲ್ಲಿ ಕಲಿ, ಹರಿತದ್ದು ಮತ್ತೆ ಕೊಡ್ತೆ" ಹೇಳ್ತಿರೊ? ಮೊಂಡು ಕತ್ತಿಲಿ ಕಲ್ತೋರಿಂಗೆ ಕೈಗೆ ಗಾಯ ಅಪ್ಪದಲ್ಲದ್ದೆ ಬೆಂದಿಗೆ ಆವುತ್ತಿಲ್ಲೆ. ಕ್ರಯ ತೀರಾ ಕಮ್ಮಿ ಇಪ್ಪ ಗಿಟಾರುದೆ ಹಾಂಗೇ. ಅದರಲ್ಲಿ ತಂತಿ ಕುತ್ತಿಗೆಂದ ತುಂಬ ಮೇಲೆ ಇರ್ತು. ಒತ್ತುಲೆ ಬಲ ಬೇಕು, ಬೆರಳಿನ ತುದಿ ಬೇನೆ ಆವುತ್ತು. ಕಿವಿ ತಿರ್ಪಿ ಶ್ರುತಿ ಮಾಡಿದರೆ ಹತ್ತು ನಿಮಿಷಲ್ಲಿ ಇಳಿತ್ತು. ಸರಿಯಾದ ಜಾಗೆಲಿ ಬೆರಳು ಮಡುಗಿರೂ ಸ್ವರ ಅಪಸ್ವರ ಆಗಿ ಬತ್ತು. ಕಲಿವ ಮಕ್ಕೊಗೆ ಅದು ಗಿಟಾರಿನ ದೋಷವೊ ತನ್ನ ದೋಷವೊ ಹೇಳಿ ಗೊಂತಪ್ಪದು ಹೇಂಗೆ? ಒಂದು ತಿಂಗಳು ನೋಡಿ ಚೀಲಲ್ಲಿ ಹಾಕಿ ಅಟ್ಟಕ್ಕೆ ಮಡುಗುತ್ತವು. ಅಂಬಗ ಮನೆಯವು ತೀರ್ಪು ಕೊಡ್ತವು: "ನೋಡಿ, ಅದಕ್ಕೆ ಆಸಕ್ತಿ ಇಲ್ಲೆ. ಕಮ್ಮಿದು ತಂದದು ಒಳ್ಳೆದಾತು."

ಎನಗೆ ಬೇಜಾರಪ್ಪದು ಈ ತೀರ್ಪಿಲಿ. ಹೋದ್ದು ಎರಡೋ ಮೂರೋ ಸಾವಿರ ಪೈಸೆ ಮಾತ್ರ ಅಲ್ಲ. "ಸಂಗೀತ ಎನ್ನ ಕೈಗೆ ಹತ್ತುತ್ತಿಲ್ಲೆ" ಹೇಳ್ತ ಮಾತು ಮಕ್ಕಳ ಮನಸ್ಸಿಲಿ ಕೂರ್ತು. ಒಂದರಿ ಕೂದರೆ ಏಳುಸುಲೆ ಎಡಿಯ.

ಹಾಂಗಾದರೆ ಎಂತ ತೆಗವದು? ಗಿಟಾರಿಲಿ ಮೂರು ಜಾತಿ ಗೊಂತಿದ್ದರೆ ಸಾಕು. ಒಂದು ಕ್ಲಾಸಿಕಲ್. ಅದಕ್ಕಿಪ್ಪದು ನೈಲಾನು ತಂತಿ. ಸಪೂರದ ಮೂರು ಬರೀ ನೈಲಾನು, ದಪ್ಪದ ಮೂರಕ್ಕೆ ಮೇಲಂದ ಲೋಹದ ಸರಿಗೆ ಸುತ್ತಿರ್ತು. ಕುತ್ತಿಗೆ ಅಗಲ, ಸುಮಾರು 5 ಸೆಂಟಿಮೀಟರು. ಎರಡ್ನೇದು ಉಕ್ಕಿನ ತಂತಿದು. ಅಂಗಡಿಲಿ ಅಕೂಸ್ಟಿಕ್ ಹೇಳಿ ತೋರ್ಸುದು ಹೆಚ್ಚಾಗಿ ಇದರನ್ನೇ. ಕುತ್ತಿಗೆ 4 ಸೆಂಟಿಮೀಟರಿಂದ ರಜಾ ಜಾಸ್ತಿ, ಸ್ವರ ಖಣಖಣ, ಸಿನೆಮಾ ಪದ್ಯಕ್ಕೆ ಚೆಂದ. ಮೂರ್ನೇದು ಎಲೆಕ್ಟ್ರಿಕ್. ಒತ್ತುಲೆ ಸುಲಾಬ, ಆದರೆ ಆಂಪ್ಲಿಫಯರು ಬೇರೆ ಬೇಕು, ಮನೆಲಿ ಅಜ್ಜಂಗೆ ಮಧ್ಯಾಹ್ನದ ಒರಕ್ಕು ಇಲ್ಲೆ.

ಹನ್ನೆರಡು ವರ್ಷಂದ ಸಣ್ಣ ಮಕ್ಕೊಗೆ ನೈಲಾನು ತಂತಿದೇ ಒಳ್ಳೆದು ಹೇಳಿ ಎನ್ನ ಅಭಿಪ್ರಾಯ. ಅದರ ಬಿಗಿ ಕಮ್ಮಿ, ಮೆತ್ತನ್ನ ಬೆರಳಿಂಗೆ ತಡೆತ್ತು. ಕಾಲೇಜಿಂಗೆ ಹೋಪ ಮಕ್ಕೊ "ಎನಗೆ ಪದ್ಯ ಹಾಡಿಯೊಂಡು ಬಾರುಸೆಕ್ಕು" ಹೇಳಿರೆ ಉಕ್ಕಿನ ತಂತಿದೇ ಕೊಡಿ. ಸುರುವಿಲಿ ಒಂದೆರಡು ವಾರ ಬೆರಳು ಬೇನೆ ಅಕ್ಕು, ಮತ್ತೆ ತುದಿ ಗಟ್ಟಿ ಆವುತ್ತು. ಒಂದು ಜಾಗ್ರತೆ: ನೈಲಾನು ಗಿಟಾರಿಂಗೆ ಉಕ್ಕಿನ ತಂತಿ ಹಾಕುಲಾಗ. ಉಕ್ಕು ಎಳವ ಬಲಕ್ಕೆ ತಂತಿ ಕಟ್ಟುವ ಮರದ ತುಂಡು ಕಿತ್ತು ಬಕ್ಕು.

ಮತ್ತೆ ಅಳತೆ. ನವಗೆ ಒಂದು ಅಭ್ಯಾಸ ಇದ್ದು, ಯೂನಿಫಾರ್ಮು ಹೊಲುಸುವಗ "ಬೆಳೆತ್ತ ಮಕ್ಕೊ ಅಲ್ಲದೊ, ರಜಾ ದೊಡ್ಡದಿರಳಿ" ಹೇಳುದು. ಗಿಟಾರಿಂಗೆ ಅದು ನಡೆಯ. ಒಂಬತ್ತು ವರ್ಷದ ಕೂಸು 41 ಇಂಚಿನ ಗಿಟಾರು ಹಿಡ್ಕೊಂಡರೆ ಬಲಗೈ ಸುತ್ತಿ ಬಪ್ಪಲೆ ಹೆಗಲು ಮೇಲೆ ಹೋವುತ್ತು, ಎಡಗೈ ಕೊಡಿವರೆಗೆ ಎತ್ತುತ್ತಿಲ್ಲೆ. ಅದಕ್ಕೆ ಮುಕ್ಕಾಲು ಅಳತೆದು ಸಿಕ್ಕುತ್ತು, ಸುಮಾರು 36 ಇಂಚು. ಇನ್ನೂ ಸಣ್ಣೋರಿಂಗೆ ಅರ್ಧ ಅಳತೆದೂ ಇದ್ದು. ಮಕ್ಕಳ ಕರಕ್ಕೊಂಡು ಹೋಗಿ, ಕುರ್ಶಿಲಿ ಕೂರ್ಸಿ, ಮಡಿಲಿಲಿ ಮಡುಗಿ ನೋಡದ್ದೆ ತೆಗವಲಾಗ. ಫೊಟೋ ನೋಡಿ ತರುಸುದಕ್ಕೆ ಇದು ಸೀರೆ ಅಲ್ಲ. ಸೀರೆಯನ್ನೂ ನಾವು ಮುಟ್ಟಿ ನೋಡದ್ದೆ ತೆಗೆತ್ತಿಲ್ಲೆ!

"ಎನಗೆ ಗಿಟಾರು ಗೊಂತಿಲ್ಲೆ, ಅಂಗಡಿಲಿ ಎಂತ ನೋಡ್ಲಿ?" ಹೇಳಿ ಕೇಳುವ ಅಕ್ಕಂದಿರಿಂಗೆ ಒಂದು ಸಮಾಧಾನ. ಸಣ್ಣಾದಿಪ್ಪಗ ಸರಳೆ ಜಂಟಿ ಕಲ್ತ ಕಿವಿ ಇದ್ದರೆ ನಿಂಗೊಗೆ ಅರ್ಧ ಪರೀಕ್ಷೆ ಗೊಂತಿದ್ದು. ಗಿಟಾರಿನ ಕುತ್ತಿಗೆಲಿ ಅಡ್ಡ ಕೂರ್ಸಿದ ಲೋಹದ ಪಟ್ಟಿಗೊ ಇದ್ದನ್ನೆ, ಅದು ಒಂದೊಂದುದೆ ಒಂದೊಂದು ಸ್ವರಸ್ಥಾನ. ವೀಣೆಯ ಮೆಟ್ಟಿಲಿನ ಹಾಂಗೇ. ಹನ್ನೆರಡು ದಾಂಟಿದರೆ ಒಂದು ಸ್ಥಾಯಿ ಪೂರ್ತಿ. ತಂತಿಯ ಬಿಟ್ಟು ಮೀಂಟಿದರೆ ಬಪ್ಪದು ಮಧ್ಯ ಷಡ್ಜ ಹೇಳಿ ತೆಕ್ಕೊಳ್ಳಿ. ಹನ್ನೆರಡ್ನೇ ಪಟ್ಟಿಲಿ ಒತ್ತಿ ಮೀಂಟಿದರೆ ತಾರ ಷಡ್ಜ ಬರೆಕ್ಕು. ಅಲ್ಲಿ ಸ್ವರ ಓರೆ ಕೇಳಿರೆ ಆ ಗಿಟಾರು ಬೇಡ. ಆರು ತಂತಿಯನ್ನೂ ಹೀಂಗೆ ನೋಡಿ. ಮತ್ತೆ ಒಂದೊಂದು ಪಟ್ಟಿಲಿಯೂ ಒತ್ತಿ ಕೇಳಿ, ಎಲ್ಲಿಯೂ "ಝರ್ರ್" ಹೇಳಿ ಅದುರುಲಾಗ. ಕುತ್ತಿಗೆಯ ಕರೆಲಿ ಕೈ ಎಳದು ನೋಡಿ, ಪಟ್ಟಿಯ ಕೊಡಿ ಗೀರುಲಾಗ. ಹನ್ನೆರಡ್ನೇ ಪಟ್ಟಿಯ ಹತ್ರೆ ತಂತಿ ಎಷ್ಟು ಎತ್ತರ ಇದ್ದು ನೋಡಿ; ಉಕ್ಕಿಂದಕ್ಕೆ 2ರಿಂದ 3 ಮಿಲಿಮೀಟರು, ನೈಲಾನಿಂದಕ್ಕೆ 3ರಿಂದ 4 ಇದ್ದರೆ ಹದ. ಜಾಸ್ತಿ ಇದ್ದರೆ ಅಂಗಡಿಯೋರತ್ರೆ ಅಲ್ಲೇ ತಗ್ಗಿಸಿ ಕೊಡ್ಲೆ ಹೇಳಿ. ದಾಕ್ಷಿಣ್ಯ ಬೇಡ, ಪೈಸೆ ಕೊಡುದು ನಾವು.

ಪೈಸೆಯ ಲೆಕ್ಕ ಆನು ಬಿಟ್ಟು ಮಾತಾಡ್ತಿಲ್ಲೆ. ಎಲ್ಲ ವರ್ಷವೂ ಅಡಕ್ಕೆಗೆ ಕ್ರಯ ಇರ್ತಿಲ್ಲೆ. ಯಮಹಾದ ಸಿ40 ಹೇಳಿ ನೈಲಾನಿಂದು, ಎಫ್310 ಹೇಳಿ ಉಕ್ಕಿಂದು, ಇವೆರಡು ಕಲಿವೋರಿಂಗೆ ಸುಮಾರು ವರ್ಷಂದ ಪಳಗಿದ ಮಾದರಿಗೊ. ಹತ್ತು ಸಾವಿರದ ಆಸುಪಾಸಿನ ಲೆಕ್ಕ ಮನಸ್ಸಿಲಿ ಮಡುಗಿಗೊಳ್ಳಿ. ಅಷ್ಟು ಎಡಿಯದ್ದರೆ ಎನ್ನ ಸಲಹೆ ಹೊಸ ಕಮ್ಮಿದು ತೆಗವದು ಅಲ್ಲ, ಹಳೆ ಒಳ್ಳೆದು ಹುಡ್ಕುದು. ಬೆಂಗ್ಳೂರಿಲಿಪ್ಪ ನೆಂಟ್ರ ಮನೆಲಿ ಕೇಳಿ. ಕೆಲಸ ಸಿಕ್ಕಿ ವಿದೇಶಕ್ಕೆ ಹೋದ ಮಾಣಿಯ ಗಿಟಾರು ಯೇವದಾರು ಕಪಾಟಿನ ಮೇಲೆ ಇಕ್ಕು. ಹೊಸ ತಂತಿ ಹಾಕಿದರೆ ಅದು ಹೊಸತ್ತೇ. ಅಕ್ಕ ತಂಗೆ ಮಕ್ಕೊ ಇಬ್ರಿಂಗೆ ಸೇರಿ ಒಂದು ತೆಗದರೂ ಅಕ್ಕು.

ನಮ್ಮ ಊರಿನ ಮಳೆಗಾಲವ ಮರವಲೆಡಿಯ. ಮರದ ಗಿಟಾರಿಂಗೆ 45ರಿಂದ 55 ಶೇಕಡಾ ತೇವ ಹಿತ. ಆಟಿ ತಿಂಗಳಿಲಿ ನಮ್ಮಲ್ಲಿ ಹಪ್ಪಳವೇ ಮೆತ್ತನ್ನ ಆವುತ್ತು, ಮತ್ತೆ ಮರ ಉಬ್ಬದ್ದೆ ಇಕ್ಕೊ? ಮೇಲಾಣ ಹಲಗೆ ಉಬ್ಬಿರೆ ತಂತಿ ಮೇಲೆ ಹೋವುತ್ತು, ಉಕ್ಕಿಂದಕ್ಕೆ ತುಕ್ಕು ಹಿಡಿತ್ತು. ಅದಕ್ಕೇ ಸುರುವಾಣದ್ದಕ್ಕೆ "ಸಾಲಿಡ್ ಟಾಪ್" ಹೇಳಿ ಅಂಗಡಿಯೋರು ಒತ್ತಾಯ ಮಾಡಿರೆ ಬೇಡ ಹೇಳಿ. ಪದರ ಅಂಟಿಸಿದ ಹಲಗೆದು ಸ್ವರಲ್ಲಿ ರಜಾ ಹಿಂದೆ ಇಕ್ಕು, ಆದರೆ ನಮ್ಮ ಥಂಡಿಯ ತಡಕ್ಕೊಳ್ತು. ದಪ್ಪ ಚೀಲ ತೆಕ್ಕೊಳ್ಳಿ, ಅದರೊಳ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಚಂಡಿ ಗೋಡೆಗೆ ಎರಗುಸದ್ದೆ ಒಳಾಣ ಕೋಣೆಲಿ ಮಡುಗಿ. ಮಳೆ ಬಿಟ್ಟ ಮೇಲೆ ಚೀಲಂದ ಹೆರ, ಕಣ್ಣಿಂಗೆ ಕಾಂಬ ಹಾಂಗೆ ಇರಳಿ. ಕಂಡರೆ ಕೈಗೆ ಬತ್ತು, ಅಟ್ಟಲ್ಲಿದ್ದರೆ ಬತ್ತಿಲ್ಲೆ.

"ಅದು ನಮ್ಮ ವಾದ್ಯ ಅಲ್ಲ, ವೀಣೆ ಕಲಿಯಲಿ" ಹೇಳುವ ಅತ್ತೆಕ್ಕೊಗೂ ಒಂದು ಮಾತು. ವೀಣೆ ಕಲ್ತರೆ ಎನಗೆ ಸಂತೋಷವೇ. ಆದರೆ ನಾವು ಕಚೇರಿಲಿ ಕಣ್ಣು ಮುಚ್ಚಿ ಕೇಳ್ತ ಪಿಟೀಲು ಎಲ್ಲಿಂದ ಬಂತು? ಅದುದೆ ಯುರೋಪಿನ ವಾದ್ಯವೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದರ ಕರ್ನಾಟಕ ಸಂಗೀತಕ್ಕೆ ತಂದವು. ಗಿಟಾರಿಲಿ ಬ್ರಿಜ್ ಭೂಷಣ್ ಕಾಬ್ರಾ ಹಿಂದೂಸ್ತಾನಿ ರಾಗ ನುಡಿಸಿದವು. ವಿಶ್ವಮೋಹನ ಭಟ್ಟರು ಗಿಟಾರನ್ನೇ ಮಾರ್ಪಾಡು ಮಾಡಿ ಮೋಹನವೀಣೆ ಹೇಳಿ ಹೆಸರು ಮಡುಗಿ, 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ತೆಕ್ಕೊಂಡವು. ಗಿಟಾರಿನ ಕುತ್ತಿಗೆಗೆ ಹಾಕುವ ಇಂಡಿಯನ್ ರೋಸ್‌ವುಡ್ ಹೇಳಿರೆ ನಮ್ಮ ಘಟ್ಟದ ಬೀಟಿ ಮರವೇ. ಮರ ನಮ್ಮದು, ಸ್ವರ ನಮ್ಮದು, ವಾದ್ಯ ಮಾತ್ರ ಹೆರಾಣದ್ದು ಹೇಳುದು ಹೇಂಗೆ?

ಇನ್ನೊಂದು ಹೆಮ್ಮಕ್ಕೊಗೇ ಹೇಳುವ ಸಂಗತಿ. ಅಮೆರಿಕಲ್ಲಿ ಎಲಿಜಬೆತ್ ಕಾಟನ್ ಹೇಳಿ ಒಂದು ಕರಿಯ ಹೆಮ್ಮಕ್ಕೊ ಇತ್ತಿದ್ದವು. ಸಣ್ಣ ಪ್ರಾಯಲ್ಲೇ ಮತ್ತೊಬ್ಬರ ಮನೆಕೆಲಸ ಮಾಡಿ ಪೈಸೆ ಒಟ್ಟುಮಾಡಿ ಒಂದು ಗಿಟಾರು ತೆಕ್ಕೊಂಡವು. ಎಡಚ್ಚಿ, ಬಲಗೈಯೋರ ಗಿಟಾರನ್ನೇ ತಿರುಗುಸಿ ಹಿಡುದು ತನ್ನಷ್ಟಕ್ಕೇ ಕಲ್ತವು. ಮದುವೆ, ಮಕ್ಕೊ, ಮನೆ ಹೇಳಿ ವಾದ್ಯ ಬಿಟ್ಟು ದಶಕಗಟ್ಟಲೆ ಆತು. ಸಂಗೀತಗಾರರ ಒಂದು ಮನೆಲಿ ಕೆಲಸಕ್ಕೆ ಸೇರಿದ ಮೇಲೆ, ಅಲ್ಲಿ ಗೋಡೆಲಿತ್ತಿದ್ದ ಗಿಟಾರಿನ ಪುನಃ ಕೈಗೆತ್ತಿದವು. ವೇದಿಕೆ ಹತ್ತುವಗ ಅರುವತ್ತು ದಾಂಟಿತ್ತಿದ್ದು, 1985ರಲ್ಲಿ ಗ್ರ್ಯಾಮಿ ಸಿಕ್ಕುವಗ ತೊಂಬತ್ತು ಕಳುದಿತ್ತಿದ್ದು.

ಮದುವೆ ಆದ ಮೇಲೆ ಸಂಗೀತ ಬಿಟ್ಟೋರು ನಮ್ಮಲ್ಲಿ ಎಷ್ಟು ಜೆನ ಇದ್ದವು, ಲೆಕ್ಕ ಹಾಕಿ ನೋಡಿ. ಮಕ್ಕೊ ಶಾಲೆಗೆ ಹೋದ ಮೇಲೆ ಹೊತ್ತೋಪಗಾಣವರೆಗೆ ಆ ಗಿಟಾರು ಮನೆಲಿ ಸುಮ್ಮನೆ ಇರ್ತು. ಒಗ್ಗರಣೆ ಹಾಕಿ ಆದ ಮೇಲೆ ಕಾಲು ಗಂಟೆ ನಿಂಗಳೂ ಹಿಡುದು ನೋಡಿ. ಅಲ್ಲಿಪ್ಪದು ಅದೇ ಹನ್ನೆರಡು ಸ್ವರಸ್ಥಾನ. ಒಳ್ಳೆ ಗಿಟಾರು ತೆಕ್ಕೊಂಬಲೆ ಇದೂ ಒಂದು ಕಾರಣ: ಮನೆಲಿ ಅದರ ಹಿಡಿವ ಕೈ ಒಂದೇ ಆಗಿರೆಕ್ಕು ಹೇಳಿ ಇಲ್ಲೆ.