ಹಾಡಿನ ಹಿಂದೆ ಗುಂಯ್‌ಗುಡುವುದು ಏನು?

ಸ್ಟೀರಿಯೊದಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮುನ್ನ ಒಂದು ಕ್ಷಣ ನಿಶ್ಶಬ್ದವಿರಬೇಕು. ಅನೇಕ ಮನೆಗಳಲ್ಲಿ ಅದು ಇರುವುದಿಲ್ಲ. ಸ್ಪೀಕರಿನಿಂದ ‘ಗುಂಯ್’ ಎಂಬ ಸದ್ದು ಬರುತ್ತಲೇ ಇರುತ್ತದೆ. ‘ಸೆಟ್ ಹಳೆಯದಾಯಿತು, ಹೊಸದು ಕೊಳ್ಳೋಣ’ ಎನ್ನುತ್ತಾರೆ ಮಕ್ಕಳು. ‘ಇರುವುದರಲ್ಲೇ ಕೇಳಿ’ ಎನ್ನುತ್ತಾರೆ ತಂದೆ. ಇಬ್ಬರೂ ಒಂದು ಭಾನುವಾರ ಬಿಡುವು ಮಾಡಿಕೊಂಡು ಹುಡುಕಿದರೆ ದೋಷ ಬಹಳ ಸಲ ಸೆಟ್ಟಿನಲ್ಲಲ್ಲ, ಯಾವುದೋ ಒಂದು ವೈರಿನಲ್ಲಿ ಎಂಬುದು ಗೊತ್ತಾಗುತ್ತದೆ.

ಮೊದಲು ಕಿವಿಗೆ ಕೆಲಸ ಕೊಡಬೇಕು. ನಮ್ಮ ಮನೆಗಳಿಗೆ ಬರುವ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದು. ಅದು ಹಾಡಿನ ವೈರಿನೊಳಗೆ ನುಸುಳಿದರೆ ತಗ್ಗು ಸ್ವರದ ‘ಗುಂಯ್’ ಕೇಳುತ್ತದೆ. ಆಂಪ್ಲಿಫೈಯರ್ ಒಳಗೆ ಈ ವಿದ್ಯುತ್ತನ್ನು ಏಕಮುಖಗೊಳಿಸಿದಾಗ ಉಳಿಯುವ ಏರಿಳಿತ ಸೆಕೆಂಡಿಗೆ 100 ಸಲ ಆಗುತ್ತದೆ. ಅದನ್ನು ಸಮಗೊಳಿಸುವ ದೊಡ್ಡ ಕೆಪಾಸಿಟರ್ ಹಳತಾಗಿ ಸೊರಗಿದರೆ ಆ ಏರಿಳಿತವೂ ಸದ್ದಾಗುತ್ತದೆ. ಇದು ಮೊದಲಿನದಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲೆ. ಸಂಗೀತ ಕಲಿಯುವ ಮಕ್ಕಳು ಈ ವ್ಯತ್ಯಾಸವನ್ನು ಬೇಗ ಗುರುತಿಸುತ್ತಾರೆ. ವಾಲ್ಯೂಮ್ ಗುಂಡಿ ತಿರುಗಿಸುವಾಗ ಮಾತ್ರ ‘ಚರಚರ’ ಎಂದರೆ ಒಳಗೆ ಧೂಳು ಸೇರಿದೆ. ಫ್ಯಾನಿನ ವೇಗ ತಗ್ಗಿಸಿದಾಗ ‘ಜುಂಯ್’ ಎಂದರೆ ರೆಗ್ಯುಲೇಟರಿನ ಮೇಲೆ ಅನುಮಾನ ಪಡಬೇಕು. ಸಣ್ಣಗೆ ‘ಸುಸ್’ ಎನ್ನುವುದು ಬೇರೆ ಜಾತಿ. ವಸ್ತುವಿನೊಳಗಿನ ಇಲೆಕ್ಟ್ರಾನುಗಳು ಶಾಖದಿಂದ ಸದಾ ಅಡ್ಡಾದಿಡ್ಡಿ ಓಡಾಡುವುದೇ ಅದಕ್ಕೆ ಒಂದು ಕಾರಣವೆಂದು ಜಾನ್ಸನ್ ಮತ್ತು ನೈಕ್ವಿಸ್ಟ್ 1928ರಲ್ಲಿ ತೋರಿಸಿಕೊಟ್ಟರು. ಅದನ್ನು ಪೂರ್ತಿ ಅಳಿಸಲಾಗದು.

ಇನ್ನು ಪರೀಕ್ಷೆ. ವಾಲ್ಯೂಮನ್ನು ಸೊನ್ನೆಗೆ ತನ್ನಿ. ಗುಂಯ್ ನಿಂತರೆ ಅದು ವಾಲ್ಯೂಮ್ ಗುಂಡಿಗಿಂತ ಮೊದಲು, ಅಂದರೆ ಪ್ಲೇಯರಿನಿಂದಲೋ ವೈರಿನಿಂದಲೋ ಬರುತ್ತಿದೆ. ನಿಲ್ಲದಿದ್ದರೆ ಸೆಟ್ಟನ್ನು ಆಫ್ ಮಾಡಿ, ಹಿಂಬದಿಯ ಎಲ್ಲ ಆಡಿಯೊ ವೈರುಗಳನ್ನೂ ಕಿತ್ತು, ಮತ್ತೆ ಆನ್ ಮಾಡಿ. ಆಗಲೂ ಗುಂಯ್‌ಗುಟ್ಟಿದರೆ ದೋಷ ಆಂಪ್ಲಿಫೈಯರಿನದೇ. ರಿಪೇರಿಯವರ ಬಳಿಗೆ ಒಯ್ಯಬೇಕು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರಬಹುದಾದ್ದರಿಂದ ಮಕ್ಕಳು ಪೆಟ್ಟಿಗೆ ಬಿಚ್ಚಬಾರದು. ಸದ್ದು ನಿಂತಿತೆನ್ನಿ, ವೈರುಗಳನ್ನು ಒಂದೊಂದಾಗಿ ಸಿಕ್ಕಿಸುತ್ತ ಬನ್ನಿ. ಯಾವುದನ್ನು ಸಿಕ್ಕಿಸಿದಾಗ ಸದ್ದು ಮರಳುತ್ತದೆಯೋ ತಪ್ಪು ಆ ದಾರಿಯಲ್ಲಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮವನ್ನು ಮರೆಯಬಾರದು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಸದ್ದು ನಿಂತರೂ ಕಾರಣ ತಿಳಿಯುವುದಿಲ್ಲ.

ಹೀಗೆ ಹುಡುಕುವಾಗ ಟಿ.ವಿ.ಯ ಕೇಬಲ್ ಅನೇಕ ಸಲ ಸಿಕ್ಕಿಬೀಳುತ್ತದೆ. ಆಂಪ್ಲಿಫೈಯರಿಗೆ ಮನೆಯ ಭೂಸಂಪರ್ಕ ಒಂದು. ಕೇಬಲಿನ ಹೊರಜಾಲರಿಗೆ ಬೇರೆಲ್ಲೋ ಇನ್ನೊಂದು. ಎರಡು ಜಾಗದ ನೆಲ ಒಂದೇ ವೋಲ್ಟೇಜಿನಲ್ಲಿ ಇರುವುದಿಲ್ಲ. ಆ ಚಿಕ್ಕ ವ್ಯತ್ಯಾಸದಿಂದ ಆಡಿಯೊ ವೈರಿನ ಜಾಲರಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಆಂಪ್ಲಿಫೈಯರ್ ಅದನ್ನೂ ಹಾಡೆಂದು ತಿಳಿದು ಹಿಗ್ಗಿಸುತ್ತದೆ. ಟಿ.ವಿ., ಪ್ಲೇಯರ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಬೋರ್ಡಿನಿಂದ ನಡೆಸುವುದು, ಕೇಬಲಿಗೆ ಐಸೊಲೇಟರ್ ಹಾಕಿಸುವುದು ಇದಕ್ಕೆ ಸರಿಯಾದ ಮದ್ದು.

ತಪ್ಪು ಮದ್ದೂ ಒಂದಿದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ನನ್ನು, ಅಂದರೆ ಅರ್ತನ್ನು, ಕಿತ್ತುಹಾಕುವುದು. ಗುಂಯ್ ನಿಲ್ಲುತ್ತದೆ, ನಿಜ. ಆದರೆ ಮುಂದೊಂದು ದಿನ ಒಳಗಿನ ವೈರು ಸವೆದು ಲೋಹದ ಪೆಟ್ಟಿಗೆಗೆ ತಗುಲಿದರೆ, ಅರ್ತ್ ಇದ್ದಲ್ಲಿ ವಿದ್ಯುತ್ತು ನೆಲಕ್ಕಿಳಿದು ಫ್ಯೂಸ್ ಹೋಗುತ್ತಿತ್ತು. ಈಗ 230 ವೋಲ್ಟ್ ಪೆಟ್ಟಿಗೆಯ ಮೇಲೆ ಕಾದಿರುತ್ತದೆ. ಅದನ್ನು ಮೊದಲು ಮುಟ್ಟುವುದು ಹಾಡು ಬದಲಾಯಿಸಲು ಓಡಿಬರುವ ಮಗು. ಕೋಲಾರ ಜಿಲ್ಲೆಯಂಥ ಒಣ ಸೀಮೆಯಲ್ಲಿ ಬೇಸಿಗೆಗೆ ನೆಲ ಒಣಗಿ ಭೂಸಂಪರ್ಕ ಹೇಗೂ ಸೊರಗುತ್ತದೆ. ಪಾಲಾರ್ ನೀರಿನ ಕೆರೆ ಪಕ್ಕದಲ್ಲೇ ಇರುವ ಬೇತಮಂಗಲದಲ್ಲೂ ಅರ್ತ್ ಗುಂಡಿಗೆ ಆಗಾಗ ನೀರು ಹೊಯ್ಯುವುದು, ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಬೇಡದ ಸದ್ದಿನಿಂದ ತಪ್ಪಿಸಿಕೊಳ್ಳುವ ದೊಡ್ಡ ಪ್ರಯೋಗವೊಂದು ಬೇತಮಂಗಲದ ನೆರೆಯ ಕೆ.ಜಿ.ಎಫ್.ನಲ್ಲೇ ನಡೆಯಿತು. ವಿಶ್ವಕಿರಣಗಳಿಂದ ಹುಟ್ಟುವ ಮ್ಯುಯಾನ್ ಕಣಗಳು ನೆಲದ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಬೀಳುತ್ತಿರುತ್ತವೆ. ಈ ಗದ್ದಲದಲ್ಲಿ ಅಪರೂಪದ ನ್ಯೂಟ್ರಿನೊದ ಸುಳಿವು ಕೇಳಿಸುವುದಾದರೂ ಹೇಗೆ? ಉಪಕರಣದ ದನಿ ಏರಿಸಿ ಪ್ರಯೋಜನವಿಲ್ಲ. ಗದ್ದಲವೂ ಜೊತೆಗೇ ಏರುತ್ತದೆ. ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದಲ್ಲಿ ಚಿನ್ನದ ಗಣಿಯ ಬೇರೆ ಬೇರೆ ಆಳಗಳಲ್ಲಿ ಮ್ಯುಯಾನುಗಳನ್ನು ಎಣಿಸಿದರು. ಮುಂದೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಮ್ ವಿಜ್ಞಾನಿಗಳ ಜೊತೆ ಸುಮಾರು 2.3 ಕಿಲೋಮೀಟರ್ ಆಳಕ್ಕೆ ಉಪಕರಣಗಳನ್ನು ಇಳಿಸಿದರು. ಮೇಲಿನ ಬಂಡೆ ಗದ್ದಲವನ್ನು ತಡೆಯಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹು 1965ರಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲೂ ಇನ್ನೊಂದು ತಂಡಕ್ಕೆ ಅದು ದೊರೆಯಿತು. ಕೆ.ಜಿ.ಎಫ್. ಗಣಿ 2001ರಲ್ಲಿ ಮುಚ್ಚಿತು.

ಮನೆಯ ಸ್ಟೀರಿಯೊಗೂ ಅದೇ ವಿಧಾನ: ಹಾಡಿನ ದನಿ ಏರಿಸುವ ಬದಲು ಗದ್ದಲದ ದಾರಿ ಮುಚ್ಚುವುದು. ವಿದ್ಯಾರ್ಥಿಗಳು ನೋಟುಪುಸ್ತಕದಲ್ಲಿ ಮೂರು ಸಾಲು ಗೆರೆ ಎಳೆದು ‘ಏನು ಬದಲಾಯಿಸಿದೆ’, ‘ಸದ್ದು ಇದೆಯೆ’, ‘ಎಂಥ ಸದ್ದು’ ಎಂದು ಬರೆದಿಡಲಿ. ರಿಪೇರಿಗೆ ಒಯ್ಯಬೇಕಾಗಿ ಬಂದರೂ ಆ ಪುಟವನ್ನು ಮೆಕ್ಯಾನಿಕ್‌ಗೆ ತೋರಿಸಿದರೆ ಅವರ ಅರ್ಧ ಕೆಲಸ ಉಳಿಯುತ್ತದೆ.