ಸಹನೆಯೂ ಕಲಿತು ಬರುವ ವಿದ್ಯೆ

“ಹುಟ್ಟುಗುಣ ಸುಟ್ಟರೂ ಹೋಗದು” ಎಂಬ ಗಾದೆ ಕನ್ನಡಿಗರ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮುಂಗೋಪಿಯಾದ ಗಂಡನನ್ನು ಕುರಿತು ಹೆಂಡತಿ, ಹಟಮಾರಿ ಮಗಳನ್ನು ಕುರಿತು ತಾಯಿ, ಕುಡಿತ ಬಿಡಲಾರದ ತಮ್ಮನನ್ನು ಕುರಿತು ಅಣ್ಣ ಈ ಮಾತನ್ನಾಡಿ ನಿಟ್ಟುಸಿರು ಬಿಡುತ್ತಾರೆ. ಗಾದೆಯ ಹಿಂದೆ ಅನುಭವವಿರುವುದೇನೋ ನಿಜ. ಆದರೆ ಗುಣ ಹೋಗದೆಂದು ಒಮ್ಮೆ ನಿಶ್ಚಯಿಸಿಬಿಟ್ಟರೆ ತಿದ್ದಿಕೊಳ್ಳುವ ಯತ್ನವೂ ಅಲ್ಲಿಗೇ ನಿಲ್ಲುತ್ತದೆ. ಕೋಪಿಷ್ಠನು ತಾನು ಹುಟ್ಟಿದ್ದೇ ಹೀಗೆ ಎಂದು ಸಮಾಧಾನಪಟ್ಟುಕೊಳ್ಳುತ್ತಾನೆ. ಮನೆಯವರು ತಮ್ಮ ಹಣೆಬರಹವೆಂದು ಸುಮ್ಮನಾಗುತ್ತಾರೆ.

ಈಜು ಬಾರದವನು ನೀರಿನಲ್ಲಿ ಮುಳುಗಿದರೆ ಅದು ಅವನ ಹುಟ್ಟುಗುಣವೆಂದು ಯಾರೂ ಹೇಳುವುದಿಲ್ಲ; ಯಾರೂ ಕಲಿಸಲಿಲ್ಲ, ಆದ್ದರಿಂದ ಮುಳುಗಿದ ಎನ್ನುತ್ತಾರೆ. ಕೋಪವನ್ನು ತಡೆಯುವುದು, ದುಃಖವನ್ನು ತಾಳುವುದು, ಎದುರಿನವರನ್ನು ನೋಯಿಸದೆ “ಇದು ನನ್ನಿಂದಾಗದು” ಎಂದು ಹೇಳುವುದು, ಇವೂ ಈಜಿನಂತೆಯೇ ಕಲಿಯಬಹುದಾದ ವಿದ್ಯೆಗಳು ಎಂದು ನಂಬಿ, ಅವುಗಳಿಗೆ ಪಾಠಕ್ರಮವನ್ನೇ ರಚಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್. ಈ ವಿದ್ಯೆಯಿಲ್ಲದವರ ಪಾಡನ್ನು ಆಕೆ ಪುಸ್ತಕಗಳಿಂದ ತಿಳಿದವರಲ್ಲ, ಸ್ವತಃ ಅನುಭವಿಸಿದವರು.

ಮಾರ್ಷಾ ಹುಟ್ಟಿದ್ದು 1943ರಲ್ಲಿ, ಒಕ್ಲಹಾಮ ಸಂಸ್ಥಾನದ ಟಲ್ಸಾ ನಗರದಲ್ಲಿ. ತಂದೆ ತೈಲೋದ್ಯಮದಲ್ಲಿದ್ದವರು, ಆರು ಮಂದಿ ಮಕ್ಕಳಲ್ಲಿ ಈಕೆ ಮೂರನೆಯವಳು. ಊಟ ಬಟ್ಟೆಗೆ ಕೊರತೆಯಿಲ್ಲದ, ಮರ್ಯಾದಸ್ಥ ಮನೆತನ. ಹುಡುಗಿ ಓದಿನಲ್ಲಿ ಜಾಣೆ, ಪಿಯಾನೋ ವಾದನದಲ್ಲಿ ನಿಪುಣೆ. ಆದರೂ ಒಡಹುಟ್ಟಿದವರೊಡನೆ ತನ್ನನ್ನು ಹೋಲಿಸಿಕೊಂಡು, ತಾನು ಯಾತಕ್ಕೂ ಸಾಲದವಳೆಂದು ಒಳಗೊಳಗೇ ಕೊರಗುತ್ತಿದ್ದಳು. ಆ ಕೊರಗು ಬೆಳೆದು, 1961ರ ಮಾರ್ಚಿಯಲ್ಲಿ, 17ನೆಯ ವಯಸ್ಸಿಗೆ, ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ನಗರದಲ್ಲಿರುವ ‘ಇನ್‌ಸ್ಟಿಟ್ಯೂಟ್ ಆಫ್ ಲಿವಿಂಗ್’ ಎಂಬ ಮನೋರೋಗ ಚಿಕಿತ್ಸಾಲಯವನ್ನು ಸೇರಬೇಕಾಯಿತು.

ಅಲ್ಲಿ ಆಕೆ 26 ತಿಂಗಳು ಇದ್ದಳು. ಮನಸ್ಸಿನ ಯಾತನೆಯನ್ನು ತಾಳಲಾರದೆ ತನ್ನ ದೇಹವನ್ನು ತಾನೇ ಗಾಯಗೊಳಿಸಿಕೊಳ್ಳುತ್ತಿದ್ದುದರಿಂದ, ಬಹುಕಾಲ ಆಕೆಯನ್ನು ಒಂಟಿ ಕೋಣೆಯಲ್ಲಿ ಇರಿಸಬೇಕಾಯಿತು. ವೈದ್ಯರು ಸ್ಕಿಜೋಫ್ರೇನಿಯ ಎಂದು ರೋಗಕ್ಕೆ ಹೆಸರಿಟ್ಟರು. ಬಲವಾದ ಔಷಧಗಳನ್ನು ಕೊಟ್ಟರು. ವಿದ್ಯುತ್ ಚಿಕಿತ್ಸೆಯನ್ನೂ ಮಾಡಿದರು. ಯಾವುದರಿಂದಲೂ ಗುಣವಾಗಲಿಲ್ಲ. ಆಸ್ಪತ್ರೆಯಲ್ಲಿದ್ದ ಅತ್ಯಂತ ಕಠಿಣ ರೋಗಿಗಳಲ್ಲಿ ಒಬ್ಬಳೆಂದು ದಾಖಲೆಯಲ್ಲಿ ಬರೆದು, 1963ರ ಮೇ ತಿಂಗಳಿನಲ್ಲಿ ಆಕೆಯನ್ನು ಮನೆಗೆ ಕಳುಹಿಸಿದರು. ಈ ನರಕದಿಂದ ತಾನು ಹೊರಬಂದರೆ, ಮತ್ತೆ ಅಲ್ಲಿಗೇ ಹಿಂದಿರುಗಿ ಉಳಿದವರನ್ನೂ ಹೊರಗೆ ಕರೆತರುವೆನೆಂದು ಆ ಹುಡುಗಿ ದೇವರ ಮುಂದೆ ಪ್ರತಿಜ್ಞೆ ಮಾಡಿದ್ದಳು.

ಪ್ರತಿಜ್ಞೆ ಮಾಡುವುದು ಸುಲಭ. ನಡೆಸುವ ದಾರಿ ಗೊತ್ತಾಗಬೇಕಷ್ಟೆ. ಆಕೆ ಷಿಕಾಗೋ ನಗರಕ್ಕೆ ಹೋಗಿ, ವಿಮಾ ಕಂಪನಿಯೊಂದರಲ್ಲಿ ಗುಮಾಸ್ತೆಯಾಗಿ ದುಡಿಯುತ್ತ, ಲೊಯೋಲಾ ವಿಶ್ವವಿದ್ಯಾನಿಲಯದ ರಾತ್ರಿ ತರಗತಿಗಳಿಗೆ ಸೇರಿದರು. 1971ರಲ್ಲಿ ಅಲ್ಲಿಯೇ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. 1977ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕಿಯಾದರು. ಇತರ ಚಿಕಿತ್ಸಕರು ಕೈಚೆಲ್ಲಿದ, ಬದುಕನ್ನೇ ಕೊನೆಗಾಣಿಸಿಕೊಳ್ಳಬೇಕೆಂದು ಮತ್ತೆ ಮತ್ತೆ ಹೊರಡುವ ರೋಗಿಗಳನ್ನೇ ಆರಿಸಿ ತಮ್ಮ ಬಳಿಗೆ ಕರೆಸಿಕೊಂಡರು.

ಆರಂಭದಲ್ಲಿ ಆಕೆಗೂ ಸೋಲೇ ಎದುರಾಯಿತು. “ನೀವು ಹೀಗೆ ಬದಲಾಗಬೇಕು” ಎಂದು ಹೇಳಿದರೆ ರೋಗಿಗಳು, ತಪ್ಪೆಲ್ಲ ನಮ್ಮದೇ ಎನ್ನುತ್ತಾರೆಂದು ನೊಂದುಕೊಂಡು ಸಿಡಿದೇಳುತ್ತಿದ್ದರು. “ನಿಮ್ಮ ನೋವು ಸಹಜವಾದದ್ದು” ಎಂದು ಸಮಾಧಾನ ಹೇಳಿದರೆ, ಹಾಗಾದರೆ ಈ ನೋವಿನಲ್ಲೇ ಕೊಳೆಯಬೇಕೇ ಎಂದು ಕೇಳುತ್ತಿದ್ದರು. ಎರಡೂ ಮಾತಿನಲ್ಲಿ ಸತ್ಯವಿತ್ತು. ಒಂದೊಂದೇ ಆದಾಗ ಎರಡೂ ಸಾಲದಾಗಿದ್ದವು. ಇದ್ದುದನ್ನು ಇದ್ದಂತೆ ಒಪ್ಪಿಕೊಳ್ಳುವುದನ್ನು ಕಲಿಯಲು ಲಿನೆಹನ್ ಅವರು ಕ್ಯಾಲಿಫೋರ್ನಿಯದ ಒಂದು ಝೆನ್ ಬೌದ್ಧ ಮಠದಲ್ಲಿ ಕುಳಿತರು. ಬಳಿಕ ಜರ್ಮನಿಗೆ ಹೋಗಿ, ಕ್ರೈಸ್ತ ಸಂನ್ಯಾಸಿಯೂ ಝೆನ್ ಗುರುವೂ ಆಗಿದ್ದ ವಿಲಿಗಿಸ್ ಯೇಗರ್ ಅವರಲ್ಲಿ ಶಿಷ್ಯವೃತ್ತಿ ಮಾಡಿದರು. ಈಗ ಇರುವ ಸ್ಥಿತಿಯನ್ನು ಪೂರ್ಣವಾಗಿ ಒಪ್ಪಿಕೊಳ್ಳುವುದು, ಆ ಸ್ಥಿತಿಯಿಂದ ಮುಂದಕ್ಕೆ ಒಂದು ಹೆಜ್ಜೆ ಇಡುವುದು, ಈ ಎರಡನ್ನೂ ಕೂಡಿಸಿ ಆಕೆ ರೂಪಿಸಿದ ಚಿಕಿತ್ಸೆಗೆ ‘ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ’ ಎಂದು ಹೆಸರು. ವಿರುದ್ಧವೆಂದು ತೋರುವ ಎರಡು ಸತ್ಯಗಳನ್ನು ಒಟ್ಟಿಗೆ ಹಿಡಿದು ನಡೆಯುವ ಪದ್ಧತಿ ಎಂಬುದು ಅದರ ಭಾವ.

ಈ ಚಿಕಿತ್ಸೆಯ ಒಂದು ಮುಖ್ಯ ಅಂಗ ತರಗತಿ. ವಾರಕ್ಕೊಮ್ಮೆ ಕೆಲವರು ಕಲೆತು ಪಾಠ ಕಲಿಯುತ್ತಾರೆ. ಮನೆಗೆ ಹೋಗಿ ಅಭ್ಯಾಸ ಮಾಡುತ್ತಾರೆ. ಮರುವಾರ ಬಂದು ಲೆಕ್ಕ ಒಪ್ಪಿಸುತ್ತಾರೆ. ದಿನದ ಭಾವನೆಗಳನ್ನೂ, ಬಳಸಿದ ಪಾಠವನ್ನೂ ಪ್ರತಿರಾತ್ರಿ ಒಂದು ಚೀಟಿಯಲ್ಲಿ ಗುರುತು ಹಾಕುವುದುಂಟು. ಪಾಠಗಳು ನಾಲ್ಕು ಭಾಗ. ಮೊದಲನೆಯದು ಎಚ್ಚರ: ಮನಸ್ಸಿನಲ್ಲಿ ನಡೆಯುತ್ತಿರುವುದನ್ನು ಒಳ್ಳೆಯದು ಕೆಟ್ಟದ್ದೆಂದು ತೀರ್ಪು ಕೊಡದೆ ಗಮನಿಸುವುದು. ಎರಡನೆಯದು ತಾಳ್ಮೆ: ಸಂಕಟವನ್ನು ಇನ್ನಷ್ಟು ಕೆಡಿಸಿಕೊಳ್ಳದೆ ಆ ಹೊತ್ತನ್ನು ದಾಟುವುದು. ಮೂರನೆಯದು ಭಾವನೆಗಳ ಹತೋಟಿ. ನಾಲ್ಕನೆಯದು, ಸಂಬಂಧ ಕೆಡದಂತೆ, ಸ್ವಾಭಿಮಾನವೂ ಉಳಿಯುವಂತೆ ತನಗೆ ಬೇಕಾದುದನ್ನು ಕೇಳುವ ಮತ್ತು ಬೇಡವಾದುದನ್ನು ನಿರಾಕರಿಸುವ ಬಗೆ.

ಈ ಪಾಠಗಳು ಎಷ್ಟು ಸರಳವೆಂಬುದಕ್ಕೆ ಒಂದು ಮನೆಯ ಚಿತ್ರವನ್ನು ಕಲ್ಪಿಸಿಕೊಳ್ಳಬಹುದು. ಗೃಹಸ್ಥನೊಬ್ಬನು ಸಂಜೆ ಕಚೇರಿಯಿಂದ ಬರುತ್ತಾನೆ. ಮಗನ ಅಂಕಪಟ್ಟಿ ಕೈಗೆ ಬರುತ್ತದೆ. ಗಣಿತದಲ್ಲಿ ಅಂಕ ಕಡಿಮೆ. ತಂದೆ ಕೂಗಾಡುತ್ತಾನೆ, ಕೈಯೂ ಮೇಲೇಳುತ್ತದೆ. ಹುಡುಗ ಅಳುತ್ತ ಮಲಗುತ್ತಾನೆ. ರಾತ್ರಿ ತಂದೆಗೆ ಪಶ್ಚಾತ್ತಾಪ. ಇನ್ನೆಂದೂ ಹೀಗೆ ಮಾಡೆನೆಂಬ ಸಂಕಲ್ಪ. ಮುಂದಿನ ಪರೀಕ್ಷೆಯ ಹೊತ್ತಿಗೆ ಮತ್ತೆ ಅದೇ ಕೂಗಾಟ. ಪಶ್ಚಾತ್ತಾಪ ನಿಜವಾದದ್ದೇ, ಸಂಕಲ್ಪವೂ ಪ್ರಾಮಾಣಿಕವಾದದ್ದೇ. ಆದರೆ ಕೋಪ ಬಂದ ಕ್ಷಣದಲ್ಲಿ ಕೂಗುವುದರ ಬದಲಿಗೆ ಏನು ಮಾಡಬೇಕೆಂಬುದು ಅವನಿಗೆ ತಿಳಿಯದು. ಅದನ್ನು ಯಾರೂ ಅವನಿಗೆ ಕಲಿಸಿಲ್ಲ. ಅವನ ತಂದೆಯೂ ಹಾಗೆಯೇ ಕೂಗುತ್ತಿದ್ದಿರಬಹುದು.

ಇಂಥ ಪ್ರಸಂಗವನ್ನು ಲಿನೆಹನ್ ಅವರ ಪದ್ಧತಿಯಲ್ಲಿ ಸರಪಳಿಯಂತೆ ಕೊಂಡಿ ಕೊಂಡಿಯಾಗಿ ಬಿಡಿಸಿ ನೋಡುತ್ತಾರೆ. ಮಧ್ಯಾಹ್ನದ ಊಟ ತಪ್ಪಿತ್ತು. ಮೇಲಧಿಕಾರಿ ನಾಲ್ಕು ಜನರ ಎದುರಿಗೆ ಆಕ್ಷೇಪಿಸಿದ್ದ. ಬಸ್ಸಿನಲ್ಲಿ ಒಂದೂವರೆ ಗಂಟೆ ನಿಂತೇ ಬರಬೇಕಾಯಿತು. ಅಂಕಪಟ್ಟಿ ಕಂಡೊಡನೆ “ನಾಳೆ ಇವನ ಗತಿಯೇನು” ಎಂಬ ಭಯ ಹುಟ್ಟಿತು. ಭಯ ಕೋಪವಾಯಿತು, ಕೋಪ ಕೂಗಾಯಿತು. ಹೀಗೆ ಬಿಡಿಸಿ ಬರೆದಾಗ, ಒಮ್ಮೆಗೇ ಸಿಡಿದಂತೆ ತೋರಿದ ಕೋಪಕ್ಕೆ ಐದಾರು ಮೆಟ್ಟಿಲುಗಳಿದ್ದುದು ತಿಳಿಯುತ್ತದೆ. ಸರಪಳಿಯನ್ನು ಮುರಿಯಲು ಎಲ್ಲ ಕೊಂಡಿಗಳನ್ನೂ ಮುರಿಯಬೇಕಿಲ್ಲ. ಒಂದು ಮುರಿದರೂ ಸಾಕು. ಮನೆಗೆ ಬಂದೊಡನೆ ಏನನ್ನಾದರೂ ತಿಂದು ಕಾಲುಗಂಟೆ ಕುಳಿತ ಮೇಲೆಯೇ ಅಂಕಪಟ್ಟಿಯನ್ನು ನೋಡುವುದು ಒಂದು ಉಪಾಯ. ಒಳಗಿರುವುದು ಕೋಪವೋ ಭಯವೋ ಎಂದು ತನ್ನನ್ನೇ ಕೇಳಿಕೊಂಡು ಹೆಸರಿಡುವುದು ಇನ್ನೊಂದು. ಧ್ವನಿ ಏರುವ ಮುನ್ನ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವುದು, ಉಸಿರನ್ನು ಎಳೆದುಕೊಂಡುದಕ್ಕಿಂತ ನಿಧಾನವಾಗಿ ಹೊರಬಿಡುವುದು ಮತ್ತೊಂದು. ಕೂಗಬೇಕೆನಿಸಿದಾಗ ಬೇಕೆಂದೇ ಮೆಲ್ಲಗೆ ಮಾತನಾಡುವುದನ್ನು, ಎಂದರೆ ಭಾವನೆ ಎಳೆದ ದಿಕ್ಕಿಗೆ ಎದುರಾಗಿ ನಡೆಯುವುದನ್ನು, ಈ ಪದ್ಧತಿಯಲ್ಲಿ ಒಂದು ಪ್ರತ್ಯೇಕ ಪಾಠವಾಗಿಯೇ ಕಲಿಸುತ್ತಾರೆ.

ಇದೆಲ್ಲ ಹಿರಿಯರು ಹೇಳುತ್ತ ಬಂದದ್ದೇ ಅಲ್ಲವೇ ಎಂದು ಓದುಗರು ಕೇಳಬಹುದು. ಹೇಳುತ್ತ ಬಂದದ್ದು ಹೌದು. ಅಭ್ಯಾಸ ಮಾಡಿಸಿದ್ದು ಕಡಿಮೆ. ‘ತಾಳಿದವನು ಬಾಳಿಯಾನು’ ಎಂಬ ಮಾತು ತಾಳುವುದು ಹೇಗೆಂಬುದನ್ನು ತಿಳಿಸುವುದಿಲ್ಲ. ಸಂಗೀತದ ವಿದ್ಯಾರ್ಥಿ ಸರಳೆ ವರಸೆಗಳನ್ನು ದಿನವೂ ಹಾಡುವಂತೆ, ಶಾಂತವಾಗಿರುವ ಹೊತ್ತಿನಲ್ಲಿಯೇ ಈ ಪಾಠಗಳನ್ನು ಮತ್ತೆ ಮತ್ತೆ ಮಾಡಿರಬೇಕು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ನೀರು ಸಿಕ್ಕುವುದಿಲ್ಲ.

ಇದರಿಂದ ಫಲವುಂಟೇ ಎಂಬುದನ್ನು ಪರೀಕ್ಷಿಸಿಯೂ ನೋಡಲಾಗಿದೆ. 1991ರಲ್ಲಿ ಲಿನೆಹನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಒಂದು ವರ್ಷದ ಅಧ್ಯಯನದಲ್ಲಿ, ಈ ಚಿಕಿತ್ಸೆ ಪಡೆದ ಮಹಿಳೆಯರು ಇತರ ಚಿಕಿತ್ಸೆ ಪಡೆದವರಿಗಿಂತ ಕಡಿಮೆ ಬಾರಿ ತಮ್ಮನ್ನು ಗಾಯಗೊಳಿಸಿಕೊಂಡರು. ಆಸ್ಪತ್ರೆಯಲ್ಲಿ ಕಳೆದ ದಿನಗಳೂ ಕಡಿಮೆಯಾದವು. ಚಿಕಿತ್ಸೆಯನ್ನು ನಡುವೆ ಬಿಟ್ಟುಹೋದವರೂ ಕಡಿಮೆ. 1993ರಲ್ಲಿ ಪಾಠಗಳ ಕೈಪಿಡಿ ಹೊರಬಂದಿತು. 2015ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ 99 ಮಂದಿ ಮಹಿಳೆಯರನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಬದುಕನ್ನು ಕೊನೆಗಾಣಿಸಿಕೊಳ್ಳುವ ಯತ್ನಗಳು ಮೂರು ಗುಂಪುಗಳಲ್ಲಿಯೂ ತಗ್ಗಿದವು. ಆದರೆ ಕೌಶಲಗಳ ಪಾಠವನ್ನು ಪಡೆದ ಗುಂಪುಗಳಲ್ಲಿ, ಚಿಕಿತ್ಸೆಯ ಅವಧಿಯಲ್ಲಿ, ಖಿನ್ನತೆ, ಆತಂಕ ಮತ್ತು ತಮ್ಮನ್ನು ಗಾಯಗೊಳಿಸಿಕೊಳ್ಳುವ ಅಭ್ಯಾಸ ಇವು ಪಾಠವಿಲ್ಲದ ಗುಂಪಿಗಿಂತ ಹೆಚ್ಚಾಗಿ ಇಳಿದವು.

ತಂದೆತಾಯಿಗಳು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ವಿಚಾರವನ್ನು ಲಿನೆಹನ್ ಹೇಳಿದ್ದಾರೆ. ಕೆಲವು ಮಕ್ಕಳು ಹುಟ್ಟಿನಿಂದಲೇ ಮೃದು. ಸಣ್ಣ ಮಾತಿಗೂ ನೋಯುತ್ತವೆ, ನೊಂದರೆ ಬೇಗ ಸಮಾಧಾನಗೊಳ್ಳವು. ಅಷ್ಟರಮಟ್ಟಿಗೆ ಗಾದೆ ಸರಿ. ಆದರೆ ಅಂಥ ಮಗು ಅತ್ತಾಗ “ಇದಕ್ಕೆಲ್ಲ ಅಳುತ್ತಾರೆಯೇ? ನಾಟಕ ಸಾಕು” ಎಂದು ಮನೆಯವರು ಪದೇ ಪದೇ ಗದರಿಸಿದರೆ, ತನಗಾದ ನೋವು ನೋವೇ ಅಲ್ಲವೇನೋ ಎಂದು ಅದು ತನ್ನನ್ನೇ ಶಂಕಿಸಲು ಕಲಿಯುತ್ತದೆ. ನೋವಿಗೆ ಹೆಸರಿಡಲು ಬಾರದ ಮಗು ಅದನ್ನು ಹತೋಟಿಗೆ ತರುವ ಬಗೆಯನ್ನೂ ಕಲಿಯದೆ ಬೆಳೆಯುತ್ತದೆ. ಗುಣ ಹುಟ್ಟಿನದಾದರೂ ಗಂಟುಬೀಳುವುದು ಹೀಗೆ. “ಬೇಸರವಾಯಿತಲ್ಲವೇ ಮಗು, ಹೇಳು” ಎಂಬ ಒಂದು ಮಾತಿಗೆ ಖರ್ಚೇನೂ ಇಲ್ಲ. ಹಾಗೆಂದ ಮಾತ್ರಕ್ಕೆ ಮಗು ಕೇಳಿದ್ದನ್ನೆಲ್ಲ ಕೊಟ್ಟಂತೆಯೂ ಅಲ್ಲ. ನೋವನ್ನು ಒಪ್ಪಿಕೊಂಡು, ಹಟವನ್ನು ಒಪ್ಪದಿರಬಹುದು.

ಕರ್ನಾಟಕಕ್ಕೂ ಈ ವಿಚಾರ ಹೊಸದಲ್ಲ. ತೀರ್ಮಾನ ತೆಗೆದುಕೊಳ್ಳುವುದು, ಭಾವನೆಗಳನ್ನು ನಿಭಾಯಿಸುವುದು, ಒತ್ತಡವನ್ನು ಎದುರಿಸುವುದು ಮೊದಲಾದ ಹತ್ತು ಜೀವನ ಕೌಶಲಗಳನ್ನು ಶಾಲೆಗಳಲ್ಲಿ ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಸೂಚಿಸಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಅದನ್ನು ಆಧರಿಸಿ, ಹದಿಹರೆಯದ ವಿದ್ಯಾರ್ಥಿಗಳಿಗೆ ಉಪಾಧ್ಯಾಯರೇ ಕಲಿಸಬಹುದಾದ ಪಾಠಗಳನ್ನು ಸಿದ್ಧಪಡಿಸಿದರು. ಸ್ವಪ್ರಯತ್ನ ಎಷ್ಟೇ ಇದ್ದರೂ ಕೆಲವು ಯಾತನೆಗಳಿಗೆ ವೈದ್ಯರ ನೆರವು ಬೇಕೇ ಬೇಕು. ಅದಕ್ಕಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿ, ಹಗಲಿರುಳು ಯಾವ ಹೊತ್ತಿನಲ್ಲಿಯೂ, ಕನ್ನಡದಲ್ಲಿಯೇ ಕಷ್ಟವನ್ನು ಹೇಳಿಕೊಳ್ಳಬಹುದು. ಜ್ವರ ಬಂದಾಗ ವೈದ್ಯರಲ್ಲಿಗೆ ಹೋಗುವುದರಲ್ಲಿ ಇಲ್ಲದ ಅವಮಾನ ಇದರಲ್ಲಿಯೂ ಇಲ್ಲ.

ಲಿನೆಹನ್ ಅವರು ತಮ್ಮ ಹಿಂದಿನ ಕಥೆಯನ್ನು ಬಹುಕಾಲ ಲೋಕಕ್ಕೆ ಹೇಳಿರಲಿಲ್ಲ. ನೀವೂ ನಮ್ಮಂತೆ ನೊಂದವರೇ ಎಂದು ರೋಗಿಯೊಬ್ಬಳು ಕೇಳಿದ್ದು ಅವರ ಮನಸ್ಸಿನಲ್ಲಿ ಉಳಿಯಿತು. ಹೌದೆಂದು ತಿಳಿದರೆ ತಮಗೆಲ್ಲ ಎಷ್ಟೋ ಭರವಸೆ ಬರುತ್ತದೆ ಎಂಬುದು ಆಕೆಯ ಮಾತಾಗಿತ್ತು. 2011ರ ಜೂನ್ ತಿಂಗಳಿನಲ್ಲಿ, 68ನೆಯ ವಯಸ್ಸಿನಲ್ಲಿ, ಲಿನೆಹನ್ ಅವರು ಹಾರ್ಟ್‌ಫರ್ಡ್‌ನ ಅದೇ ಚಿಕಿತ್ಸಾಲಯಕ್ಕೆ ಹೋಗಿ, ಬಂಧುಗಳು, ಸ್ನೇಹಿತರು ಮತ್ತು ವೈದ್ಯರು ನೆರೆದ ಸಭೆಯಲ್ಲಿ ಎಲ್ಲವನ್ನೂ ಹೇಳಿದರು. ಅದೇ ಆವರಣದಲ್ಲಿ ಹಿಂದೆ ಯಾವ ಚಿಕಿತ್ಸೆಗೂ ಬಗ್ಗದವಳೆಂದು ಬರೆಸಿಕೊಂಡಿದ್ದ ಹುಡುಗಿಯೇ ಅಂದು ಆಚಾರ್ಯೆಯಾಗಿ ನಿಂತಿದ್ದರು.

ಆಕೆಯ ಬಾಳಿನಿಂದ ಗೃಹಸ್ಥರು ಪಡೆಯಬಹುದಾದ ತಿಳಿವಳಿಕೆ ಇಷ್ಟೆ. ಮನೆಯಲ್ಲಿ ಯಾರಾದರೂ ಅದೇ ತಪ್ಪನ್ನು ಹತ್ತನೆಯ ಬಾರಿ ಮಾಡಿದಾಗ, “ಇವನ ಗುಣವೇ ಇಷ್ಟು” ಎನ್ನುವುದಕ್ಕೆ ಮುಂಚೆ, “ಇವನಿಗೆ ಯಾವ ಪಾಠ ಇನ್ನೂ ಬಂದಿಲ್ಲ?” ಎಂದು ಕೇಳಿಕೊಳ್ಳಬೇಕು. ಮೊದಲನೆಯ ಮಾತಿನಿಂದ ಬಾಗಿಲು ಮುಚ್ಚುತ್ತದೆ. ಎರಡನೆಯದರಿಂದ ಕೆಲಸ ಪ್ರಾರಂಭವಾಗುತ್ತದೆ. ಕೆಲಸ ನಿಧಾನವಾದದ್ದು, ನಡುವೆ ತಪ್ಪುಗಳಾಗುವುದೂ ಉಂಟು. ಸೈಕಲ್ ಕಲಿಯುವ ಹುಡುಗ ಬಿದ್ದನೆಂದು ಸೈಕಲನ್ನು ಯಾರೂ ಗುಜರಿಗೆ ಹಾಕುವುದಿಲ್ಲ. ಧೂಳು ಒರೆಸಿ, ಮತ್ತೆ ಹತ್ತಿಸಿ, ಸ್ವಲ್ಪ ದೂರ ಜೊತೆಯಲ್ಲಿ ಓಡುತ್ತಾರೆ.